ಗಾಜು ಮುಟ್ಟದ ಗಾಜಿನ ಕ್ಲಾಸು

ಸ್ಟೇನ್ಡ್ ಗ್ಲಾಸ್ ಕ್ಲಾಸಿನ ಮೊದಲ ನಿಯಮ: ಮಕ್ಕಳು ಗಾಜು ಮುಟ್ಟುವಂತಿಲ್ಲ.

ಕುಚೋದ್ಯಕ್ಕೆ ಹೇಳುತ್ತಿಲ್ಲ. ಕರಪತ್ರದ ಹಿಂಬದಿಯಲ್ಲಿ, ‘ಕಟ್ಟಿದ ಶುಲ್ಕ ಮರಳಿಸಲಾಗುವುದಿಲ್ಲ’ ಎಂಬ ಸಾಲಿನ ಕೆಳಗೇ ಅಚ್ಚಾಗಿತ್ತು. ಮುಂಬದಿಯಲ್ಲಿ ಮಾತ್ರ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ದುಂಡು ಕಿಟಕಿ, ಅದರ ಮಗ್ಗುಲಲ್ಲಿ ಸ್ಥಳೀಯ ಮುಖಂಡರೊಬ್ಬರು ಕೈ ಮುಗಿದು ನಿಂತ ಭಾವಚಿತ್ರ. ಗದಗ ಮುದ್ರಣ ಕಾಶಿ ಎಂದು ಹೆಸರಾದ ಊರು. ಇಲ್ಲಿ ಯಾವುದನ್ನು ಬೇಕಾದರೂ ಯಾವುದರ ಪಕ್ಕಕ್ಕಾದರೂ ಅಚ್ಚು ಹಾಕಿ ಕೊಡುತ್ತಾರೆ. ಏಪ್ರಿಲ್ ಬರುವುದೇ ತಡ, ಮುಳಗುಂದ ನಾಕಾದಿಂದ ಟಾಂಗಾಕೂಟದವರೆಗೆ ಕಂಬಕ್ಕೊಂದು ಫ್ಲೆಕ್ಸು. ಅಬಾಕಸ್, ವೇದಗಣಿತ, ಕರಾಟೆ, ಕೈಬರಹ ಸುಧಾರಣೆ, ವ್ಯಕ್ತಿತ್ವ ವಿಕಸನ. ಈ ಸಲ ಆ ಸಾಲಿನ ಕೊನೆಗೆ ಸ್ಟೇನ್ಡ್ ಗ್ಲಾಸ್ ಬಂದು ನಿಂತಿದೆ. ಬೇಸಿಗೆಯಲ್ಲಿ ಮನೆಯೊಳಗೆ ಇಟ್ಟರೆ ಮಕ್ಕಳು ಕೆಡುತ್ತಾರೆ ಎಂಬುದು ನಮ್ಮ ತಂದೆತಾಯಿಗಳ ನಂಬಿಕೆ. ಹಾಲಿನ ಬಗ್ಗೆಯೂ ಅವರದು ಇದೇ ನಂಬಿಕೆ.

ಗಾಜು ಕೈ ಕೊಯ್ಯುತ್ತದೆ, ಆದ್ದರಿಂದ ಗಾಜಿನ ಬದಲು ಅಕ್ರಿಲಿಕ್ ಹಾಳೆ. ಸೀಸ ವಿಷ, ಅದರ ಬದಲು ಟ್ಯೂಬಿನಿಂದ ಹಿಂಡುವ ಕರಿ ಲೈನರ್. ಬೆಸುಗೆ ಹಾಕುವುದಕ್ಕೆ ಕರೆಂಟು ಬೇಕು, ಕರೆಂಟು ಹೊಡೆಯುತ್ತದೆ, ಆದ್ದರಿಂದ ಬೆಸುಗೆಯೇ ಇಲ್ಲ. ಚಿತ್ರ ಬರೆಯುವುದಕ್ಕೆ ವೇಳೆ ಸಾಲದು, ಝೆರಾಕ್ಸ್ ಅಂಗಡಿಯ ಪ್ರಿಂಟ್‌ಔಟ್ ಕೆಳಗಿಟ್ಟು ತಿದ್ದಿದರಾಯಿತು. ಹೀಗೆ ಒಂದೊಂದೇ ಕಳೆಯುತ್ತ ಬಂದಮೇಲೆ ಕೊನೆಗೆ ಉಳಿದದ್ದು ಶುಲ್ಕ. ಅದಕ್ಕೆ ಮಾತ್ರ ಯಾರೂ ಬದಲಿ ಹುಡುಕಲಿಲ್ಲ.

ಅಸಲು ಕೆಲಸದ ದಾರಿ ಬೇರೆ. ಅಲ್ಲಿ ಬಣ್ಣವನ್ನು ಗಾಜಿನ ಮೇಲೆ ಬಳಿಯುವುದು ಕಡಿಮೆ, ಗಾಜು ಕರಗುವಾಗಲೇ ಒಳಗೆ ಸೇರಿಸುವುದು ಹೆಚ್ಚು. ಕೋಬಾಲ್ಟ್ ಹಾಕಿದರೆ ನೀಲಿ, ತಾಮ್ರ ಹಾಕಿದರೆ ಹಸಿರು, ಚಿಟಿಕೆ ಬಂಗಾರ ಸೇರಿದರೆ ಮಾಣಿಕ್ಯದ ಕೆಂಪು. ಬೆಳ್ಳಿಯ ಲವಣ ಸವರಿ ಕುಲುಮೆಗಿಟ್ಟರೆ ಹಳದಿ ಹೊಳೆಯುತ್ತದೆ. ಆಮೇಲೆ ತುಂಡು ತುಂಡಾಗಿ ಕತ್ತರಿಸಿ, ಎರಡೂ ಮಗ್ಗುಲಿಗೆ ತೋಡು ಇರುವ ಸೀಸದ ಪಟ್ಟಿಯಲ್ಲಿ ಕೂಡಿಸಿ, ಸಂದಿಗೆ ಬೆಸುಗೆ ಹಾಕಬೇಕು. ಅಮೆರಿಕದ ಟಿಫನಿ ಕಾರ್ಖಾನೆಯವರು ಸೀಸದ ಬದಲು ಅಂಚಿಗೆ ತೆಳು ತಾಮ್ರದ ಪಟ್ಟಿ ಸುತ್ತುವ ಪದ್ಧತಿಯನ್ನು ಹೆಸರಿಗೆ ತಂದರು, ಅಷ್ಟೇ ವ್ಯತ್ಯಾಸ. ಗಾಜು ಹೇಳಿದ ಹಾಗೆ ಕೇಳುವ ವಸ್ತುವಲ್ಲ. ಒಳಕ್ಕೆ ಚೂಪಾಗಿ ತಿರುಗುವ ಮೂಲೆ ಕತ್ತರಿಸಲು ಹೋದರೆ ನಡುವೆಯೇ ಸೀಳಿಬಿಡುತ್ತದೆ. ಹಾಗಾಗಿ ಇದು ಎಲ್ಲಿ ಒಡೆದೀತು ಎಂದು ಲೆಕ್ಕ ಹಾಕಿಯೇ ಕಲಾವಿದ ಚಿತ್ರ ಬರೆಯಬೇಕು. ಅಲ್ಲಿನ ಕರಿ ಗೆರೆ ಇಡೀ ಕಿಟಕಿಯನ್ನು ಹಿಡಿದು ನಿಲ್ಲಿಸುವ ಎಲುಬು. ನಮ್ಮ ಕ್ಲಾಸಿನಲ್ಲಿ ಅದು ಕಾಡಿಗೆ.

ಕ್ಲಾಸು ಮುಗಿದಾಗ ಪ್ರದರ್ಶನಕ್ಕಿಟ್ಟ ಪ್ರಾಜೆಕ್ಟುಗಳಿಗೆ ಬರೋಣ. ಪ್ರದರ್ಶನದ ಬಾಗಿಲಲ್ಲೇ ನವಿಲುಗಳ ಹಿಂಡು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿಯಲ್ಲೂ ನವಿಲುಗಳಿವೆ. 1912ರಲ್ಲಿ ಮುಗಿದ ಆ ಅರಮನೆಗೆಂದು ಮಂಟಪದ ಈ ಛಾವಣಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಾಡಿಸಿ ತಂದರು. ಶಾಲಾ ಪ್ರವಾಸದಲ್ಲಿ ಕತ್ತೆತ್ತಿ ನೋಡಿದ ನವಿಲುಗಳು ಮಕ್ಕಳ ಕೈಯಲ್ಲಿ ಮರಿ ಹಾಕಿರಬೇಕು ಎಂದುಕೊಂಡು ಹತ್ತಿರ ಹೋದೆ. ಎಲ್ಲವೂ ಒಂದೇ ಪ್ರಿಂಟ್‌ಔಟಿನವು. ಎಲ್ಲದರ ಎಡಗಾಲೂ ಮೊಣಕಾಲಿನಿಂದ ಕೆಳಗೆ ಮಾಯ. ಪ್ರಿಂಟರು ಮಾರ್ಜಿನ್ನಿನಲ್ಲಿ ನುಂಗಿದ ಆ ಕಾಲನ್ನು ಒಂದು ಮಗುವೂ ಎಳೆದು ಮುಗಿಸಿರಲಿಲ್ಲ.

“ಇದರ ಇನ್ನೊಂದು ಕಾಲು ಎಲ್ಲೈತಿ ತಮ್ಮಾ?”

“ಶೀಟಿನ್ಯಾಗ ಇರ್ಲಿಲ್ರೀ ಸರ.”

ಅವನ ಉತ್ತರದಲ್ಲಿ ತಪ್ಪೇನಿಲ್ಲ. ಶೀಟಿನಲ್ಲಿ ಇಲ್ಲದ್ದನ್ನು ಬರೆದರೆ ಮಾರ್ಕು ಹೋಗುತ್ತದೆ ಎಂದು ಅವನಿಗೆ ಒಂದನೇ ಇಯತ್ತೆಯಿಂದ ಕಲಿಸಿದ್ದೇವೆ.

ಲಕ್ಷ್ಮೇಶ್ವರದಿಂದ ಬಂದ ಹುಡುಗಿಯದು ನೋತ್ರ್ ದಾಮಿನ ದುಂಡು ಕಿಟಕಿ. ಊರಿನಲ್ಲಿ ಸೋಮೇಶ್ವರನ ಗುಡಿಯ ಕಲ್ಲುಕೆತ್ತನೆ ಇದೆ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯ ಕಮಾನುಗಳಿವೆ. ಆದರೆ ಮೊಬೈಲಿನಲ್ಲಿ ‘ಸ್ಟೇನ್ಡ್ ಗ್ಲಾಸ್’ ಎಂದು ಹುಡುಕಿದರೆ ಲಕ್ಷ್ಮೇಶ್ವರ ಬರುವುದಿಲ್ಲ, ಪ್ಯಾರಿಸ್ ಬರುತ್ತದೆ. ಊಟದ ತಾಟು ಬೋರಲು ಹಾಕಿ ಗೆರೆ ಎಳೆದು, ಬಣ್ಣದ ಪ್ಲಾಸ್ಟಿಕ್ ಚೂರುಗಳನ್ನು ಬಿಸಿ ಅಂಟಿನಿಂದ ಮೆತ್ತಿದ್ದರು. 2019ರಲ್ಲಿ ಚರ್ಚಿನ ಛಾವಣಿಯೇ ಸುಟ್ಟು ಬಿದ್ದಾಗಲೂ ಉಳಿದ ಆ ಕಿಟಕಿ, ಬಸ್ಸಿನಲ್ಲಿ ಗದುಗಿಗೆ ಬರುವಷ್ಟರಲ್ಲಿ ಬಿಸಿಲಿಗೆ ಅಂಟು ಬಿಟ್ಟು ಅರ್ಧಕ್ಕರ್ಧ ಕಳಚಿತ್ತು. ಉದುರಿದ ದಳಗಳನ್ನು ತಾಯಿ ಪರ್ಸಿನಲ್ಲಿ ಹಾಕಿಕೊಂಡು ಬಂದಿದ್ದರು. ಶಿರಹಟ್ಟಿಯ ಹುಡುಗ ಫಕೀರೇಶ್ವರ ಮಠದ ಬಾಗಿಲು ಮಾಡುತ್ತೇನೆ ಎಂದನಂತೆ. ಆ ಡಿಸೈನು ಕಿಟ್ಟಿನಲ್ಲಿಲ್ಲ ಎಂದು ಬುದ್ಧನನ್ನು ಮಾಡಿಸಿದರು. ಬುದ್ಧ ಕಣ್ಣು ಮುಚ್ಚಿದ್ದ. ಆ ಪ್ರದರ್ಶನದಲ್ಲಿ ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ಮುಂಡರಗಿಯ ಹುಡುಗನ ಪ್ರಾಜೆಕ್ಟಿಗೆ ಮಾತ್ರ ಸರಕಾರದ ಬಲ ಇತ್ತು. ಸಿಬಿಎಸ್‌ಇ ಶಾಲೆಗಳಲ್ಲಿ ಪಾಠಕ್ಕೆ ಕಲೆ ಬೆರೆಸಿ ಪ್ರಾಜೆಕ್ಟು ಮಾಡಿಸಬೇಕೆಂಬ ಕಟ್ಟಳೆ ಇದೆ. ರಾಜ್ಯ ರಾಜ್ಯಗಳನ್ನು ಜೋಡಿ ಮಾಡುವ ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಜೋಡಿ ರಾಜ್ಯ ಉತ್ತರಾಖಂಡ. ಹೀಗಾಗಿ ಮುಂಡರಗಿಯ ಬಾಲಕ ಕುಮಾವೂಂ ಪ್ರಾಂತದ ಐಪಣ ರಂಗೋಲಿಯನ್ನು ಅಕ್ರಿಲಿಕ್ ಹಾಳೆಗೆ ಇಳಿಸಿದ್ದ. ಐಪಣವೆಂದರೆ ಅಲ್ಲಿನ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಅಕ್ಕಿಹಿಟ್ಟಿನ ನೀರಲ್ಲಿ ಬೆರಳದ್ದಿ ಬರೆಯುವ ಚಿತ್ತಾರ. ಅದು ಮಣ್ಣಿಗೆ ಸೇರಿದ್ದು, ಇದು ಬೆಳಕಿಗೆ ಸೇರಿದ್ದು. ಎರಡನ್ನೂ ಸೇರಿಸಿದ ಫಲವಾಗಿ ಬೆಳಕು ಹಾಯಬೇಕಾದ ಹಾಳೆಯ ಪೂರಾ ಮೈಗೆ ಕೆಮ್ಮಣ್ಣಿನ ಬಣ್ಣ ಬಳಿದು ಗೋಡೆ ಕಟ್ಟಿದ್ದಾಗಿತ್ತು. ಉತ್ತರಾಖಂಡದ ರಾಜಧಾನಿ, ಜಿಲ್ಲೆ, ನದಿ ಎಲ್ಲವನ್ನೂ ಹುಡುಗ ಒಂದೇ ಉಸಿರಿಗೆ ಒಪ್ಪಿಸಿದ. ನಮ್ಮ ಪಕ್ಕದ ಲಕ್ಕುಂಡಿಯ ಗುಡಿ ನೋಡೀ ಏನು ಎಂದು ಕೇಳಿದೆ. “ಅದು ನಮ್ಮ ಪೇರ್ ಸ್ಟೇಟಿನ್ಯಾಗ ಬರೂದಿಲ್ರೀ” ಎಂದ.

ಇವನ್ನೆಲ್ಲ ಮಾಡಿದವರು ಯಾರು ಎಂದು ಕೇಳುವುದು ಅಸಭ್ಯತನ. ಆದರೂ ಪ್ರತಿ ಪ್ರಾಜೆಕ್ಟಿನ ಹಿಂದೆ ನಿದ್ದೆಗಣ್ಣಿನ ಒಬ್ಬ ತಾಯಿ ನಿಂತಿದ್ದರು, ಉಗುರಿನ ಸಂದಿಯಲ್ಲಿ ಕರಿ ಲೈನರ್ ಹಾಗೇ ಇತ್ತು. ಮಕ್ಕಳ ಉಗುರು ಸ್ವಚ್ಛ. ವಿವರಣೆ ಹೇಳುವ ಪಾಲು ಮಕ್ಕಳದು, ಇಂಗ್ಲಿಷಿನಲ್ಲಿ, ಬಾಯಿಪಾಠ. ನಡುವೆ ತಡೆದು ಸೀಸ ಎಂದರೇನು ಎಂದದ್ದಕ್ಕೆ ಒಂದು ಮಗು ಪೆನ್ಸಿಲು ತೋರಿಸಿತು. ತಾಯಿ ನನ್ನನ್ನು ನೋಡಿದ ರೀತಿಗೆ ಅಕ್ರಿಲಿಕ್ಕೂ ಸೀಳಬೇಕಿತ್ತು.

ಗದುಗಿಗೆ ಚಿತ್ರಕಲೆ ಹೊಸದೇನಲ್ಲ. ಕಲಾವಿದ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಎಂಬ ಚಿತ್ರಶಾಲೆ ಕಟ್ಟಿದ ಊರು ಇದು. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕುಳಿತವರಿಗೆ ಡ್ರಾಯಿಂಗ್ ಮಾಸ್ತರರು ಹೂಜಿ, ಚೆಂಡು, ಬಕೆಟ್ಟು ಎದುರಿಗಿಟ್ಟು ನೆರಳು ಎಲ್ಲಿ ಬೀಳುತ್ತದೆ ನೋಡು ಎಂದು ಕಿವಿ ಹಿಂಡುತ್ತಿದ್ದರು. ಈಗ ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರ ಕುರ್ಚಿ ಖಾಲಿ. ಕುರ್ಚಿ ಖಾಲಿಯಾದಷ್ಟೂ ಕ್ಯಾಂಪು ಭರ್ತಿ.

ಪ್ರದರ್ಶನ ನಡೆದ ಸಭಾಂಗಣದ ಬಗ್ಗೆ ಎರಡು ಮಾತು ಹೇಳಲೇಬೇಕು. ಬಣ್ಣದ ಗಾಜು ಬದುಕುವುದು ಹಿಂದಿನಿಂದ ಬೆಳಕು ಬಿದ್ದಾಗ. ಆ ಸಭಾಂಗಣಕ್ಕೆ ಪೂರ್ವಕ್ಕೆ ಸಾಲು ಕಿಟಕಿ. ವಿಡಿಯೊದವನಿಗೆ ಬೆಳಕು ಹೊಡೆಯುತ್ತದೆಂದು ಆ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು, ಪಡುವಣ ಗೋಡೆಗೆ ಮೊಳೆ ಹೊಡೆದು ಪ್ರಾಜೆಕ್ಟುಗಳನ್ನು ತೂಗು ಹಾಕಿದ್ದರು. ಗಟ್ಟಿ ಇರಲಿ ಎಂದು ಪ್ರತಿಯೊಂದರ ಬೆನ್ನಿಗೂ ರಟ್ಟು. ಎದುರಿಗೆ ಟ್ಯೂಬ್‌ಲೈಟು. ಹೀಗಾಗಿ ನೋಡುವವರಿಗೆಲ್ಲ ಬುದ್ಧನ ಹಣೆಯ ಮೇಲೆ ತಮ್ಮ ಮುಖವೇ ಕಾಣುತ್ತಿತ್ತು. ಅತಿಥಿಗಳಿಗೆ ಇದು ಬಹಳ ಹಿಡಿಸಿತು. ಮುಖ್ಯ ಅತಿಥಿಗಳು ದೀಪ ಬೆಳಗಿ, ಶಾಲು ಹೊದೆಸಿಕೊಂಡು, ಮಕ್ಕಳ ಬಾಳಲ್ಲಿ ಬೆಳಕು ತುಂಬಬೇಕು ಎಂಬ ವಿಷಯವಾಗಿ ಪರದೆಗೆ ಬೆನ್ನು ಮಾಡಿ ನಿಂತು ಬಹಳ ಹೊತ್ತು ಮಾತಾಡಿದರು. ನಿರ್ಣಾಯಕರ ಹಾಳೆಯನ್ನು ಇಣುಕಿ ನೋಡಿದೆ. ಫಿನಿಶಿಂಗಿಗೆ ಇಷ್ಟು, ಫ್ರೇಮಿಗೆ ಇಷ್ಟು, ವಿವರಣೆಗೆ ಇಷ್ಟು, ಸಮವಸ್ತ್ರಕ್ಕೆ ಇಷ್ಟು. ಬೆಳಕಿಗೆ ಕಾಲಂ ಇರಲಿಲ್ಲ.

ಒಂದೇ ಒಂದು ಪ್ರಾಜೆಕ್ಟಿನಲ್ಲಿ ನಿಜವಾದ ಗಾಜಿತ್ತು. ಬೆಟಗೇರಿಯ ನೇಕಾರ ಓಣಿಯ ಹುಡುಗಿ, ಒಡೆದ ಬಳೆಚೂರುಗಳನ್ನು ಹಳೆಯ ಕಿಟಕಿಯ ಗಾಜಿನ ಮೇಲೆ ಸೀರೆಯ ಅಂಚಿನ ಹಾಗೆ ಸಾಲುಗೂಡಿಸಿದ್ದಳು. ಮಗ್ಗದ ಮನೆಯ ಕಣ್ಣು. ಯಾವ ಬಣ್ಣದ ಪಕ್ಕ ಯಾವುದು ನಿಂತರೆ ಏರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಘಟಕರಿಗೆ ದಿಗಿಲಾಯಿತು. ಕಿಟ್ಟು ಕೊಂಡಿಲ್ಲ, ಮೇಲಾಗಿ ಗಾಜು ಬೇರೆ! ಕೊನೆಗೆ ಅದನ್ನು ‘ಕಸದಿಂದ ರಸ’ ವಿಭಾಗಕ್ಕೆ ವರ್ಗಾಯಿಸಿದರು. ಅಲ್ಲಿ ಅದು ನೀರಿನ ಬಾಟಲಿಯಿಂದ ಮಾಡಿದ ಹೂದಾನಿಯ ಎದುರು ಸೋತಿತು.

ಬಣ್ಣದ ಗಾಜನ್ನು ಕಸಕ್ಕೆ ಸೇರಿಸುವುದರಲ್ಲಿ ದೊಡ್ಡವರು ಆಗಲೇ ಪಳಗಿದ್ದಾರೆ. ಈ ಭಾಗದ ಹಳೆಯ ವಾಡೆಗಳ ಬಾಗಿಲ ಮೇಲಿನ ಕಮಾನಿನಲ್ಲಿ ಕೆಂಪು, ಹಸಿರು, ನೀಲಿ ಗಾಜು ಕೂಡಿಸುತ್ತಿದ್ದರು. ಹಿಸ್ಸೆಯಾಗಿ ವಾಡೆ ಬೀಳುವಾಗ ಸಾಗವಾನಿ ತೊಲೆಗೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಗಾಜು ಯಾರಿಗೂ ಬೇಡ. ಅದು ಗುಜರಿ ಗಾಡಿಯಲ್ಲಿ ಹೋಗುತ್ತದೆ. ಆ ಜಾಗದಲ್ಲಿ ಎದ್ದ ಆರ್‌ಸಿಸಿ ಮನೆಯ ಕಿಟಕಿಗೆ ಮುದ್ರಣ ಕಾಶಿಯಿಂದಲೇ ಸ್ಟೇನ್ಡ್ ಗ್ಲಾಸ್ ಸ್ಟಿಕ್ಕರು ಬರುತ್ತದೆ, ಚದರಡಿಗೆ ಇಷ್ಟು ಎಂದು. ಊರಿನ ತ್ರಿಕೂಟೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳು ಬಚಾವಾಗಿರುವುದು ಅವನ್ನು ಕಿತ್ತು ಒಯ್ಯುವುದು ಕಷ್ಟ ಎಂಬ ಒಂದೇ ಕಾರಣಕ್ಕೆ. ಗಾಜೇ ಇಲ್ಲದೆ, ಬರೀ ತೂತು ಕೊರೆದು ಬೆಳಕನ್ನು ಹೇಗೆ ಅಳೆದು ಒಳಗೆ ಬಿಡಬೇಕೆಂದು ಚಾಲುಕ್ಯರ ಕಾಲದ ಕಲ್ಲುಕುಟಿಗರಿಗೆ ಗೊತ್ತಿತ್ತು. ಕ್ಯಾಂಪಿನವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು ಎನ್ನಬೇಕು, ಗ್ರೂಪ್ ಫೋಟೊಕ್ಕೆ.

ಸಮಾರೋಪದಲ್ಲಿ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ಮರುದಿನ ಬಜಾರದ ಫೋಟೊ ಫ್ರೇಮ್ ಅಂಗಡಿಯಲ್ಲಿ ಆ ಪ್ರಮಾಣಪತ್ರಗಳದೇ ಪಾಳಿ. ಅಂಗಡಿಯವರು ಪ್ರಮಾಣಪತ್ರದ ಅಳತೆಗೆ ಗಾಜು ಕತ್ತರಿಸುತ್ತಿದ್ದರು. ಕಟರಿನ ಗಾಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿ ಇಟ್ಟು, ಒಂದೇ ಎಳೆತ. ಎರಡನೇ ಸಲ ಅದೇ ಗೆರೆಯ ಮೇಲೆ ಹೋಗುವಂತಿಲ್ಲ, ಹೋದರೆ ಗಾಲಿಯೂ ಕೆಟ್ಟಿತು, ಗಾಜೂ ಕೆಟ್ಟಿತು. ರೇಷ್ಮೆ ಹರಿದಂಥ ಸಣ್ಣ ಸದ್ದು ಬಂದರೆ ಗೆರೆ ಸರಿಯಾಗಿ ಬಿದ್ದಿದೆ ಎಂದು ಅರ್ಥ. ಆಮೇಲೆ ಹಾಳೆಯನ್ನು ಮೇಜಿನ ಅಂಚಿಗೆ ತಂದು, ಗೆರೆಯ ಕೆಳಗೆ ಒಮ್ಮೆ ಮೆಲ್ಲಗೆ ಕುಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಒತ್ತಿದರು. ಟಕ್ ಎಂದು ನೆಟ್ಟಗೆ ಎರಡಾಯಿತು.

ಒಂಟಿಕಾಲಿನ ನವಿಲಿನ ಹುಡುಗ ಬಾಯಿ ಬಿಟ್ಟುಕೊಂಡು ಮೇಜಿನ ಅಂಚಿಗೆ ಆತು ನಿಂತಿದ್ದ.

“ಕಾಕಾ, ನಾ ಒಂದ್ಸಲ ಮಾಡ್ಲೇನ್ರೀ?”

ಅಂಗಡಿಯವರು ನಕ್ಕು, ಬಿದ್ದಿದ್ದ ಒಂದು ತುಂಡು ಗಾಜನ್ನು ಅವನ ಮುಂದಕ್ಕೆ ಸರಿಸಿ ಕಟರು ಕೊಡಲು ಕೈ ಚಾಚಿದರು. ಅಷ್ಟರಲ್ಲಿ ಅಪ್ಪ ಹುಡುಗನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

“ಏ, ದೂರ ನಿಲ್ಲ, ಗಾಜದು! ನಡಿ ನಡಿ, ಅಡ್ವಾನ್ಸ್ ಬ್ಯಾಚಿಗೆ ರೊಕ್ಕಾ ಕಟ್ಟೇನಿ, ಸ್ಟೇನ್ಡ್ ಗ್ಲಾಸ್ ಕ್ಲಾಸಿಗೆ ಹೊತ್ತಾತು.”