ಮಿಡ್ಜ್‌ವಾಟರಿನ ನುಸಿ

ಟೋಲ್ಕಿನ್ನರ ಮಹಾಕಥನದಲ್ಲಿ ಕಪ್ಪುಕುದುರೆಯೇರಿ ಬರುವ ಒಂಬತ್ತು ಪ್ರೇತರಿದ್ದಾರೆ, ಗಣಿಯ ಆಳದಲ್ಲಿ ಕಾದಿರುವ ಅಗ್ನಿದೈತ್ಯನಿದ್ದಾನೆ, ರೆಪ್ಪೆಯಿಲ್ಲದೆ ಸದಾ ತೆರೆದಿರುವ ಒಂದು ಕಣ್ಣಿದೆ. ಇವುಗಳಲ್ಲಿ ಯಾವುದಕ್ಕೂ ಅಳುಕದ ನನ್ನ ಜಡದೇಹವು, ಬ್ರೀ ಎಂಬ ಊರಿಗೂ ವೆದರ್‌ಟಾಪ್ ಬೆಟ್ಟಕ್ಕೂ ನಡುವೆ ಹಬ್ಬಿರುವ ಮಿಡ್ಜ್‌ವಾಟರ್ ಜವುಗಿನ ನುಸಿಗಳ ಪ್ರಕರಣಕ್ಕೆ ಬಂದೊಡನೆ ತನ್ನನ್ನು ತಾನೇ ಕೆರೆದುಕೊಳ್ಳತೊಡಗಿತು. ಕಲ್ಪಿತ ಲೋಕದ ಕೀಟವೊಂದು ವಾಸ್ತವ ಲೋಕದ ಚರ್ಮದಲ್ಲಿ ನವೆ ಎಬ್ಬಿಸಬಲ್ಲುದಾದರೆ ಅದಕ್ಕಿಂತ ಮಿಗಿಲಾದ ರಸಸಿದ್ಧಿಯುಂಟೆ?

ಆ ಜವುಗಿನಲ್ಲಿ ಹಾಬಿಟ್ಟರೆಂಬ ಕುಳ್ಳ ಜನಾಂಗದ ನಾಲ್ವರನ್ನೂ ಒಂದು ತಟ್ಟುಕುದುರೆಯನ್ನೂ ಸ್ಟ್ರೈಡರನೆಂಬ ಮಾರ್ಗದರ್ಶಿಯು ನಡೆಸಿಕೊಂಡು ಹೋಗುತ್ತಾನೆ. ನುಸಿಗಳು ಅಂಗಿಯೊಳಗೂ ತಲೆಗೂದಲೊಳಗೂ ನುಗ್ಗುತ್ತವೆ. ಇರುಳಾದರೆ ಜೊಂಡಿನೊಳಗಿಂದ ಜೀರುಂಡೆಯ ದುಷ್ಟ ದಾಯಾದಿಗಳು ಬಿಡುವಿಲ್ಲದೆ ಕಿರುಚುತ್ತವೆ. ಇವಕ್ಕೆ ‘ನೀಕರ್‌ಬ್ರೀಕರ್’ ಎಂದು ನಾಮಕರಣ ಮಾಡಿದ, ಹಾಬಿಟ್ಟರಲ್ಲೊಬ್ಬನಾದ ಸ್ಯಾಮನೇ, ಹಾಬಿಟ್ಟರು ಹಾದುಹೋಗದ ದಿನಗಳಲ್ಲಿ ಈ ಕ್ರಿಮಿಕೀಟಗಳ ಆಹಾರವ್ಯವಸ್ಥೆ ಹೇಗೆಂಬ ಗಂಭೀರ ಪ್ರಶ್ನೆಯನ್ನೂ ಎತ್ತುತ್ತಾನೆ.

ಈ ಪ್ರಶ್ನೆಯ ಬಳಿಗೆ ನಾನು ಬಂದುದೂ, ಪರದೆಯ ಹರುಕಿನಿಂದ ಒಳಹೊಕ್ಕ ಸೊಳ್ಳೆಯೊಂದು ನನ್ನ ಎಡಗೈಯ ಬೆರಳಗೆಣ್ಣಿನ ಮೇಲೆ ಕುಳಿತುದೂ ಏಕಕಾಲದಲ್ಲಿ ಸಂಭವಿಸಿದುವು. ಬಲಗೈಯಿಂದ ಹೊಡೆಯೋಣವೆಂದರೆ ಭಾರವಾದ ಸಂಪುಟ ಎದೆಯ ಮೇಲೆ ಬೀಳುವುದು. ಪುಸ್ತಕವನ್ನು ಮುಚ್ಚೋಣವೆಂದರೆ ಪುಟ ತಪ್ಪುವುದು. ಹೀಗೆ ಧರ್ಮಸಂಕಟದಲ್ಲಿದ್ದ ನಾನು ವೈಜ್ಞಾನಿಕ ವೀಕ್ಷಣೆಯನ್ನು ಆರಂಭಿಸಿದೆನು. ಮೈಯನ್ನು ಚರ್ಮಕ್ಕೆ ಸಮಾಂತರವಾಗಿ ಇರಿಸಿಕೊಂಡಿದ್ದುದರಿಂದ ಇದು ಬಾಲವೆತ್ತಿ ಕುಳಿತುಕೊಳ್ಳುವ ಮಲೇರಿಯಾದ ಅನಾಫಿಲಿಸ್ ಅಲ್ಲವೆಂದು ನಿರ್ಣಯಿಸಿ ಸಮಾಧಾನಪಟ್ಟೆನು. ಹಿಂಗಾಲೆರಡನ್ನು ಮೇಲೆತ್ತಿ, ಸೂಜಿಗಳನ್ನು ಇಳಿಬಿಟ್ಟು, ಅವುಗಳ ಹೊರಗವಚವನ್ನು ಬಿಲ್ಲಿನಂತೆ ಬಾಗಿಸಿ ಆಕೆ ಹೀರತೊಡಗಿದಳು. ‘ಆಕೆ’ ಎಂದೆನಷ್ಟೆ, ಕಚ್ಚುವವಳು ಹೆಣ್ಣೇ, ಅದೂ ಮೊಟ್ಟೆಗಳ ಪೋಷಣೆಗಾಗಿ. ಬಸುರಿಯ ಬಯಕೆಯನ್ನು ತೀರಿಸದೆ ಕಳುಹಿಸಿದ ಪಾಪ ನನ್ನ ವಂಶಕ್ಕೆ ಬೇಡವೆಂದು ನಾನು ಕೈಯನ್ನು ಅಲುಗಿಸದೆ ಹಿಡಿದುಕೊಂಡಿದ್ದೆನು. ಉದರ ಕೆಂಪಾಯಿತು, ಉಬ್ಬಿತು. ಏಳಲಾರದೆ ಎದ್ದು ಆಕೆ ಎದುರಿನ ಪುಟದ ಮೇಲೆ, ಕಥಾನಾಯಕ ಫ್ರೋಡೋನ ಹೆಸರಿನ ಪಕ್ಕದಲ್ಲಿ ವಿಶ್ರಮಿಸಿದಳು. ಅಲ್ಲಿಗೆ ನನ್ನ ಮಾತೃಭಕ್ತಿ ಮುಗಿಯಿತು. ಪುಸ್ತಕವನ್ನು ಎರಡು ಕೈಗಳಿಂದಲೂ ರಪ್ಪನೆ ಮುಚ್ಚಿದೆನು.

“ಏನ್ರೀ ಅದು, ನಡುರಾತ್ರೀಲಿ ಯಾರ ಜೊತೆ ಹೊಡೆದಾಟ?” ಎಂದು ಮನೆಯಾಕೆ ಪಕ್ಕದ ಕೋಣೆಯಿಂದ ಕೇಳಿದಳು. “ಸಾಹಿತ್ಯವಿಮರ್ಶೆ” ಎಂದೆನು.

ಪುಸ್ತಕ ಮಿತ್ರರೊಬ್ಬರದು. ಎಲ್ಫರ ರಾಜವಂಶಾವಳಿಯನ್ನು ಗೋತ್ರಪ್ರವರದಂತೆ ಒಪ್ಪಿಸಬಲ್ಲ ಈ ಮಹಾನುಭಾವರು ಪುಟದ ರಕ್ತದ ಕಲೆಯನ್ನು ಕಂಡು ಸಿಡಿಮಿಡಿಗೊಂಡು, ಈ ನುಸಿಯ ಪುಟಗಳನ್ನು ತಾವು ಎಂದೂ ಓದುವುದೇ ಇಲ್ಲ, ಹಾರಿಸಿಬಿಡುವುದೆಂದು ಸೇರಿಸಿದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅದೇ ಜವುಗಿನ ಇರುಳಿನಲ್ಲಿಯೇ ನಿದ್ದೆ ಹತ್ತದೆ ಮಲಗಿದ್ದ ಫ್ರೋಡೋನಿಗೆ ಪೂರ್ವದ ಆಕಾಶದಲ್ಲಿ ಬೆಳಕು ಹೊಳೆದು ಹೊಳೆದು ಅಡಗುವುದು ಕಾಣುತ್ತದೆ; ಮಾಂತ್ರಿಕ ಗ್ಯಾಂಡಾಲ್ಫನು ವೆದರ್‌ಟಾಪಿನಲ್ಲಿ ಒಬ್ಬಂಟಿಯಾಗಿ ಸೆಣಸುತ್ತಿದ್ದ ಬೆಳಕು ಅದು. ಎಲ್ಲರೂ ಸುಖನಿದ್ರೆಯಲ್ಲಿದ್ದಿದ್ದರೆ ಅದನ್ನು ನೋಡುವವರಾರು?

ಆ ಮಿತ್ರರಿಗೆ ನಾನು ಇನ್ನೊಂದನ್ನೂ ಹೇಳಬೇಕಾಗಿತ್ತು. 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗದ ಕಂದಕಗಳಲ್ಲಿ ತರುಣ ಸೇನಾಧಿಕಾರಿಯಾಗಿದ್ದ ಟೋಲ್ಕಿನ್ನರಿಗೆ ಕಂದಕಜ್ವರ ತಗುಲಿತು. ಹೇನು ಹರಡುವ ರೋಗವದು. ನವೆಂಬರಿನಲ್ಲಿ ಅವರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಮರಳಿ ರಣರಂಗಕ್ಕೆ ಹೋಗುವಷ್ಟು ಆರೋಗ್ಯ ಅವರಿಗೆ ಕೂಡಿಬರಲಿಲ್ಲ. 1918ರ ವೇಳೆಗೆ ಅವರ ಆಪ್ತಮಿತ್ರರಲ್ಲಿ ಒಬ್ಬರನ್ನುಳಿದು ಎಲ್ಲರೂ ಮಡಿದಿದ್ದರು. ಹಾಗೆ ಮಡಿದವರನ್ನು ಯಾವ ಹೇನೂ ಕಚ್ಚಲಿಲ್ಲವೆಂದೋ ಕಚ್ಚಿಯೂ ಜ್ವರ ಬರಲಿಲ್ಲವೆಂದೋ ಯೋಚಿಸತೊಡಗಿದರೆ ನಗು ಬಾಯಿಗೆ ಬರುವುದಿಲ್ಲ.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ಮಿಡ್ಜ್‌ವಾಟರಿನ ಪುಟಗಳನ್ನು ಹಾರಿಸಬೇಡಿರಿ; ಸಾಧ್ಯವಾದರೆ ಪರದೆಯ ಹೊರಗೆ ಕುಳಿತು ಓದಿರಿ; ಪುಸ್ತಕ ಮಾತ್ರ ಸ್ವಂತದ್ದಾಗಿರಲಿ.