ಮೈಸೂರಿನ ಗಂಡಂದಿರಿಗೆ ಒಂದು ಬಹಿರಂಗ ಪತ್ರ



ಹೆಂಡತಿಗೆ ಮೊದಲೇ ಹೇಳದೆ ಒಂದು ದಿನ ಅವಳನ್ನು ಊರೊಳಗೇ ಸುತ್ತಿಸಿಕೊಂಡು ಬರಬೇಕೆಂಬ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ತಡಮಾಡಬೇಡಿ. ಆದರೆ ತಯಾರಿ ಅಡುಗೆಮನೆಯಿಂದ ಶುರುವಾಗಲಿ. ಎಲ್ಲಿಗೆ ಹೋಗುವುದು ಎನ್ನುವುದು ಆಮೇಲಿನ ಮಾತು.

ಹೆಂಡತಿಯರಾದ ನಮಗೆ ಊರು ಗೊತ್ತಿಲ್ಲವೆಂದಲ್ಲ. ದಸರೆಗೆ, ಬೇಸಿಗೆ ರಜೆಗೆ ಬರುವ ನೆಂಟರನ್ನು ಅರಮನೆಗೂ ಬೆಟ್ಟಕ್ಕೂ ಮೃಗಾಲಯಕ್ಕೂ ಕರೆದುಕೊಂಡು ಹೋಗುವವರು ನಾವೇ. ಮುಂಜಾನೆ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು, ಮಕ್ಕಳ ಚಪ್ಪಲಿ ಕಾಯ್ದು, ರಾತ್ರಿ ಮನೆಗೆ ಬಂದು ಅದೇ ನೆಂಟರಿಗೆ ಚಪಾತಿ ಲಟ್ಟಿಸುತ್ತೇವೆ. ಆನೆಯ ಮುಂದೆ ನಿಂತಾಗಲೂ ತಲೆಯೊಳಗೆ ಓಡುವುದು ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದೆನೋ ಇಲ್ಲವೋ ಎಂಬ ಯೋಚನೆ. ಇದನ್ನು ಊರು ನೋಡಿದ ಲೆಕ್ಕಕ್ಕೆ ನಾನಂತೂ ಹಿಡಿಯುವುದಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮನೆಯವರು ನಸುಕಿನಲ್ಲೇ ಎಬ್ಬಿಸಿ, "ರೆಡಿಯಾಗು, ಇವತ್ತು ರಾತ್ರಿವರೆಗೂ ಮನೆಗೆ ಬರಲ್ಲ" ಅಂದರು. "ಅತ್ತೆ ಮಾತ್ರೆ?" ಅಂದೆ. ಫ್ರಿಜ್ಜಿನ ಮೇಲೆ ಕೈ ತೋರಿಸಿದರು. ಅಲ್ಲಿ ಮೂರು ಪುಟ್ಟ ಡಬ್ಬಿಗಳು. ಒಂದೊಂದರ ಮೇಲೂ ಅವರ ಓರೆ ಅಕ್ಷರದಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬರೆದ ಚೀಟಿ. ಅಮ್ಮನನ್ನು ನೋಡಬೇಕೆನಿಸಿತು ಎಂದು ಹಿಂದಿನ ದಿನ ಬಂದಿಳಿದಿದ್ದ ನಾದಿನಿಯನ್ನು ಕರೆಸಿದವರು ಇವರೇ ಎಂಬುದೂ ಆಗಲೇ ತಿಳಿದದ್ದು. ಹಾಲಿನವರಿಗೆ, ಮನೆಗೆಲಸದವರಿಗೆ ಹೇಳಿ ಆಗಿತ್ತು. ರಾತ್ರಿಯ ಅಡುಗೆಯೂ ನಾದಿನಿಯ ಪಾಲಿಗೆ ಹೋಗಿತ್ತು. ಅದಕ್ಕೆ ಬದಲಾಗಿ ಅವಳ ಮನೆಯ ಒಂದು ಭಾನುವಾರವನ್ನು ನಾವಿಬ್ಬರೂ ನೋಡಿಕೊಳ್ಳುವುದೆಂದು ಅಣ್ಣತಂಗಿಯರ ಒಪ್ಪಂದ. ಆ ಡಬ್ಬಿಗಳನ್ನು ಕಂಡಾಗ ನನಗಾದ ಸಂತೋಷ ರೇಷ್ಮೆ ಸೀರೆ ಕೊಡಿಸಿದಾಗಲೂ ಆಗಿರಲಿಲ್ಲ.

ಮೊದಲು ಹೋದದ್ದು ಕುಕ್ಕರಹಳ್ಳಿ ಕೆರೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ; ಕುವೆಂಪು ಅವರು ದಿನವೂ ನಡೆದಾಡುತ್ತಿದ್ದ ಏರಿ. ನಮ್ಮ ಮನೆಯಿಂದ ಆಟೋದಲ್ಲಿ ಹತ್ತೇ ನಿಮಿಷ. ಹೆಜ್ಜಾರ್ಲೆಗಳು ಕೊಕ್ಕಿನಲ್ಲಿ ಕಡ್ಡಿ ಹಿಡಿದು ಮರಕ್ಕೆ ಹಾರುವುದನ್ನು ಬಿಸಿಲೇರುವ ತನಕ ಕೂತು ನೋಡಿದೆವು. ಆಮೇಲೆ ನಜರ್‌ಬಾದಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆಯ ದೋಸೆ. ಅದರ ರುಚಿ ನಿಮಗೆ ಹೇಳಬೇಕಾದ್ದಿಲ್ಲ.

ಹೆಚ್ಚು ಹೊತ್ತು ಕಳೆದದ್ದು ಜಗನ್ಮೋಹನ ಅರಮನೆಯಲ್ಲಿ. 1861ರಲ್ಲಿ ಕಟ್ಟಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹಾಗಾಗಿ 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ ನಡೆದದ್ದು ಈ ಜಗನ್ಮೋಹನದಲ್ಲಿ. ಇಷ್ಟನ್ನು ನೆಂಟರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ, ಹೇಳುತ್ತಲೇ ಮುಂದಿನ ಕೋಣೆಗೆ ದಬ್ಬಿಯೂ ಇದ್ದೇನೆ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಮಾತ್ರ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ, ರವಿವರ್ಮನದ್ದು ಎನ್ನುತ್ತಾರೆ. ಅದನ್ನು ಬರೆದವರು ಸಾವಂತವಾಡಿಯ ಹಳದಣಕರ್. ಎದುರಿಗೆ ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅದು ಜಲವರ್ಣದ ಚಿತ್ರ. ಈ ಸಲ ಕೈಯಲ್ಲಿ ಚೀಲವಿರಲಿಲ್ಲ, ಹೊತ್ತಾಯಿತು ಎನ್ನುವವರೂ ಇರಲಿಲ್ಲ. ಹತ್ತಿರ ನಿಂತು ನೋಡಿದೆ. ದೀಪಕ್ಕೆ ಮರೆಯಾಗಿ ಹಿಡಿದ ಬೆರಳುಗಳೊಳಗಿಂದಲೇ ಬೆಳಕು ಹಾಯ್ದು, ಬೆರಳ ಅಂಚು ಕೆಂಡದಷ್ಟು ಕೆಂಪಾಗಿದೆ. ಬಣ್ಣವನ್ನು ನೀರಿನಲ್ಲಿ ಕದಡಿ ಇದನ್ನು ತಂದದ್ದು ಹೇಗೆ ಎಂದು ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಮನೆಯ ಲೋನು, ಮಗನ ಫೀಸು ಬಿಟ್ಟು ಬೇರೇನನ್ನಾದರೂ ಅಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಗಿತ್ತೋ.

ದೇವರಾಜ ಮಾರುಕಟ್ಟೆಯಲ್ಲಿ ಹೂವಿನಾಕೆ ಮೊಳಕೈಯಿಂದ ಬೆರಳ ತುದಿಗೆ ಮಲ್ಲಿಗೆ ಅಳೆದುಕೊಟ್ಟರು. ತರಕಾರಿ ಕೊಳ್ಳಲಿಲ್ಲ; ಆ ಮಾರುಕಟ್ಟೆಯಿಂದ ನಾನು ಸೊಪ್ಪಿಲ್ಲದೆ ಹೊರಬಂದದ್ದೇ ಒಂದು ಸಂಗತಿ. ಸಂಜೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಹೊತ್ತಿಕೊಂಡಾಗ ಸುತ್ತಲಿನವರೆಲ್ಲ ಹೋ ಎಂದರು, ನಾವೂ ಎಂದೆವು.

ಊಟಿ, ಕೊಡಗು ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಹೊರಟರೆ ಬಟ್ಟೆ ಜೋಡಿಸುವವರೂ ನಾವೇ, ಬಂದ ಮೇಲೆ ಒಗೆಯುವವರೂ ನಾವೇ. ಊರಲ್ಲೇ ಒಂದು ದಿನವಾದರೆ ನಿಮಗೂ ಹಗುರ. ಎಲ್ಲರಿಗೂ ಕರೆದ ಕೂಡಲೆ ಬರುವ ನಾದಿನಿ ಇರುವುದಿಲ್ಲ, ಅದು ನಿಜ. ಇಡೀ ದಿನ ಆಗದಿದ್ದರೆ ಬೆಳಗಿನಿಂದ ಮಧ್ಯಾಹ್ನದವರೆಗಾದರೂ ಆದೀತು. ಆದರೆ ಅಷ್ಟು ಹೊತ್ತೂ ಅವಳ ಫೋನಿಗೆ "ಅಮ್ಮಾ, ಉಪ್ಪಿನ ಡಬ್ಬಿ ಎಲ್ಲಿ" ಎಂಬ ಕರೆ ಬರಬಾರದು. ಅಷ್ಟು ಮಾಡದೆ ಕರೆದುಕೊಂಡು ಹೋದರೆ ಅವಳ ಕೆಲಸ ಸಂಜೆಗೆ ಮುಂದೂಡಿದ ಹಾಗಾಯಿತು, ಅಷ್ಟೇ.

ಮೃಗಾಲಯಕ್ಕೆ ಹೋಗುವ ಯೋಚನೆಯಿದ್ದರೆ ಮಂಗಳವಾರ ರಜೆ ಎಂಬುದು ನೆನಪಿರಲಿ. ದೀಪಾಲಂಕಾರ ನೋಡುವುದಾದರೆ ಭಾನುವಾರವೇ ಒಳ್ಳೆಯದು. ಆ ದಿನದೊಳಗೆ, ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದನ್ನು ಹೆಂಡತಿಯನ್ನು ಕೇಳದೆಯೇ ತಿಳಿದುಕೊಳ್ಳಿ. ಡಾಕ್ಟರ ಚೀಟಿ ಮನೆಯಲ್ಲೇ ಇರುತ್ತದೆ.

ಇತಿ,
ಕುವೆಂಪುನಗರದ ಒಬ್ಬ ಗೃಹಿಣಿ