ಸಿಂಪಲ್ ರಾಯರ ಬಫೆ

ಪ್ರತಿ ಬಡಾವಣೆಯಲ್ಲೂ ಒಬ್ಬ ಸಿಂಪಲ್ ರಾಯರು ಇರುತ್ತಾರೆ. ಹುದ್ದೆ, ಸಂಬಳ, ಮೀಸೆ ಬೇರೆ ಬೇರೆ ಇದ್ದರೂ ಮಾತು ಮಾತ್ರ ಒಂದೇ: “ಗಲಾಟೆ ಏನೂ ಬೇಡ, ಮನೆಮಂದಿ ಅಷ್ಟೇ. ಸಂಜೆ ಸಿಂಪಲ್ಲಾಗಿ ಒಂದು ಬಫೆ ಇಟ್ಟರೆ ಮುಗೀತು.” ಮಗಳು ಡಲ್ಲಾಸ್‌ನಿಂದ ರಜೆಗೆ ಬಂದಿರಬಹುದು, ಅಣ್ಣನಿಗೆ ಅರವತ್ತು ತುಂಬಿರಬಹುದು. ಹಾಗೆನ್ನುವಾಗ ಅವರ ತಲೆಯಲ್ಲಿರುವುದು ಬಿಸಿಬೇಳೆಬಾತು, ಮೊಸರನ್ನ, ಒಂದು ಸಿಹಿ. ಆ ದಿನ ಸಂಜೆ ಏಳಕ್ಕೆ ನೋಡಿದರೆ ಊಟದ ಮೇಜು ಸಾಲದೆ ಮಗನ ಓದುವ ಮೇಜೂ ಹಾಲಿಗೆ ಬಂದಿರುತ್ತದೆ. ಇಸ್ತ್ರಿ ಮಾಡಿದ ಬೆಡ್‌ಶೀಟಿನ ಮೇಲೆ 13 ಪಾತ್ರೆಗಳು ಕೂತಿರುತ್ತವೆ. ಬಾಯಲ್ಲಿ ಸರಳತೆ, ಮೇಜಿನ ಮೇಲೆ ಜಂಬ ಎಂದು ಜನ ನಗುತ್ತಾರೆ. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ರಾಯರು ಜಂಬದವರಲ್ಲ. ಅವರ ಕಣ್ಣಿಗೆ ತಿಂಡಿಗಳ ಪಟ್ಟಿ ಬೀಳುವುದೇ ಇಲ್ಲ, ಬೀಳುವುದು ನೆಂಟರ ಪಟ್ಟಿ.

ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದರೆ ಇದು ಗೊತ್ತಾಗುತ್ತದೆ. ಬಿಸಿಬೇಳೆಬಾತಿಗೆ ಈರುಳ್ಳಿ ಬಿದ್ದರೆ ದೊಡ್ಡಮ್ಮ ಮುಟ್ಟುವುದಿಲ್ಲ, ಬೀಳದಿದ್ದರೆ ಹುಡುಗರು ಮೂಸುವುದಿಲ್ಲ. ಆದ್ದರಿಂದ ದೊಡ್ಡಮ್ಮನ ಹೆಸರಿನಲ್ಲಿ ಪುಳಿಯೋಗರೆ. ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಬೇಡ ಎಂದಿದ್ದಾರೆ ಡಾಕ್ಟರು. ಅವರಿಗೆ ಚಪಾತಿ, ಚಪಾತಿ ಒಂಟಿಯಾಗಿ ಬರುವ ಪ್ರಾಣಿಯಲ್ಲವಾದ್ದರಿಂದ ಜೊತೆಗೆ ಸಾಗು. ಅಂದು ಶನಿವಾರವಾದರೆ ಅತ್ತೆಯವರಿಗೆ ಒಪ್ಪತ್ತು, ಅದಕ್ಕೆ ಗೊಜ್ಜವಲಕ್ಕಿ. (ಒಪ್ಪತ್ತಿನ ದಿನ ಅತ್ತೆಯವರು ಉಳಿದ ದಿನಗಳಿಗಿಂತ ಎರಡು ಸೌಟು ಹೆಚ್ಚೇ ತಿನ್ನುವುದು ಬೇರೆ ವಿಚಾರ.) ಬೀಗರು ಹುಬ್ಬಳ್ಳಿ ಕಡೆಯವರು, ಎಷ್ಟು ಬಗೆಯ ಅನ್ನ ಇಟ್ಟರೂ ರೊಟ್ಟಿ ಕಾಣದೆ ಅವರಿಗೆ ಊಟವಾದಂತೆ ಅನ್ನಿಸುವುದಿಲ್ಲ, ಕಡಕ್ ಜೋಳದ ರೊಟ್ಟಿಯೂ ಶೇಂಗಾ ಚಟ್ನಿಪುಡಿಯೂ ಬಂದವು. ಡಲ್ಲಾಸ್ ಮೊಮ್ಮಗನಿಗೆ ಖಾರ ಆಗದು, ಅವನಿಗೊಂದು ಬಟ್ಟಲು ಪಾಸ್ತಾ. ಇದರಲ್ಲಿ ಯಾವುದನ್ನು ತೆಗೆಯುತ್ತೀರಿ? ಸಾಗು ತೆಗೆದರೆ ಕಡಿಮೆಯಾಗುವುದು ಸಾಗು ಅಲ್ಲ, ಚಿಕ್ಕಪ್ಪ.

ಬಫೆ ಎಂದರೆ ಬೇಕಾದವರು ಬೇಕಾದ್ದನ್ನು ಹಾಕಿಕೊಳ್ಳುವುದು, ನಾಲ್ಕೇ ಪದಾರ್ಥ ಇಟ್ಟರೂ ನಡೆಯುತ್ತದಲ್ಲ ಎಂದು ಕೇಳಬಹುದು. ಹೋಟೆಲಿನಲ್ಲಿ ನಡೆಯುತ್ತದೆ. ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು, ಆಮೇಲೆ ಕೋಸಂಬರಿ, ಪಲ್ಯ ಎಂದು ಕ್ರಮ ಇರುತ್ತಿತ್ತು. ಏನು ಎಲ್ಲಿ ಬೀಳಬೇಕು ಎಂಬ ಹೊಣೆ ಬಡಿಸುವವರದು. ಕೂತವರು ಸೇರದ್ದನ್ನು ಎಲೆಯ ಮೂಲೆಗೆ ತಳ್ಳಿ ಮರ್ಯಾದೆಯಿಂದ ಎದ್ದುಬಿಡಬಹುದಿತ್ತು. ತಟ್ಟೆ ಹಿಡಿದು ನಿಂತವರಿಗೆ ಆ ಮರೆ ಇಲ್ಲ. ದೊಡ್ಡಮ್ಮನ ತಟ್ಟೆಯಲ್ಲಿ ಬರೀ ಮೊಸರನ್ನ ಇದ್ದರೆ ಹಾಲಿನಲ್ಲಿರುವ ಎಲ್ಲರಿಗೂ ಕಾಣುತ್ತದೆ, ಫೋಟೋದಲ್ಲೂ ಬರುತ್ತದೆ. ಹಾಗಾಗಿಯೇ ರಾಯರು ಮೇಜಿನ ಹಿಂದೆ ಸೌಟು ಹಿಡಿದು ನಿಲ್ಲುತ್ತಾರೆ. “ನೀವೇ ಹಾಕ್ಕೊಳ್ಳಿ, ಸಂಕೋಚ ಬೇಡ” ಎನ್ನುತ್ತಲೇ ತಾವೇ ಹಾಕುತ್ತಾರೆ. ಸಾಕು ಎಂದು ಅಡ್ಡ ಬಂದ ಅಂಗೈಯ ಸಂದಿಯಿಂದಲೂ ಒಂದು ಆಂಬೊಡೆ ಜಾರಿಸುತ್ತಾರೆ. ಮಂಡಿನೋವಿನವರಿಗೆ ಗೋಡೆಗೊರಗಿಸಿ ಕುರ್ಚಿ ಹಾಕಿ, ತಟ್ಟೆ ತುಂಬಿಸಿ ಅಲ್ಲಿಗೇ ಕಳಿಸುತ್ತಾರೆ. ಎಂಟೂವರೆಯ ಹೊತ್ತಿಗೆ ಬಫೆ ಎಲೆಯಿಲ್ಲದ ಪಂಕ್ತಿಯಾಗಿರುತ್ತದೆ.

ಹಿಂದಿನವರು ಹೀಗಿರಲಿಲ್ಲ, ಇದ್ದುದರಲ್ಲೇ ನೆಂಟರನ್ನು ತೃಪ್ತಿಪಡಿಸುತ್ತಿದ್ದರು ಎನ್ನುವವರಿಗೆ ಪುರಾವೆ ಕಡಿಮೆ. 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ ಮೂರನೆಯ ಮಂಗರಸ ಬದನೆಕಾಯಿ ಒಂದರಿಂದಲೇ ಹತ್ತಾರು ಅಡುಗೆ ಹೇಳಿದ್ದಾನೆ. ಅವನ ಮನೆಯಲ್ಲೂ ನೆಂಟರು ಬಹಳ ಇದ್ದಿರಬೇಕು. ಇನ್ನು 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟದ್ದು ಧಾನ್ಯದ ಕೊರತೆಯಿಂದ. ಇಲ್ಲದಾಗ ಕಡಿಮೆ ಉಂಡದ್ದನ್ನು ಸರಳತೆಯ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ.

ರಾಯರ ಮೇಲೆ ನಿಲ್ಲುವ ಆರೋಪ ಬೇರೆ ಇದೆ. ಸಿಂಪಲ್ ಎಂದು ತೀರ್ಮಾನಿಸುವವರು ಅವರು, ಕಾಯಿ ತುರಿಯುವವರು ಅವರಲ್ಲ. ಪುಳಿಯೋಗರೆ ಗೊಜ್ಜನ್ನು ಹಿಂದಿನ ದಿನವೇ ಕುದಿಸಿಡಬಹುದು, ಸರಿ. ಆದರೆ ಅನ್ನವನ್ನು ಉದುರುದುರಾಗಿ ಮಾಡಿ, ಹರಡಿ, ಎಣ್ಣೆ ಹಾಕಿ ಆರಿಸಿಯೇ ಕಲಸಬೇಕು. ಕೋಸಂಬರಿಗೆ ಹೆಸರುಬೇಳೆ ಮಧ್ಯಾಹ್ನವೇ ನೆನೆಯಬೇಕು, ಉಪ್ಪು ಮಾತ್ರ ಕೊನೆಗಳಿಗೆಯಲ್ಲಿ. ಮೊದಲೇ ಬಿದ್ದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲತೊಡಗುತ್ತದೆ. ಮೊಸರನ್ನಕ್ಕೆ ಹಾಲೇ ಹೆಚ್ಚು ಹಾಕಿ ಎರಡು ಚಮಚ ಮೊಸರು ಬೆರೆಸಿಟ್ಟರೆ ರಾತ್ರಿಯ ಹೊತ್ತಿಗೆ ಹದವಾಗುತ್ತದೆ, ಬರೀ ಮೊಸರಲ್ಲಿ ಕಲಸಿದರೆ ಹುಳಿ. ಬಿಸಿಬೇಳೆಬಾತಂತೂ ಆರಿದಷ್ಟೂ ಬಿಗಿಯುತ್ತದೆ. ನೀರಾಯಿತೇನೋ ಎನ್ನುವಷ್ಟು ತೆಳ್ಳಗೆ ಇಳಿಸಿ, ಮಧ್ಯೆ ಮಧ್ಯೆ ಬಿಸಿನೀರು, ತುಪ್ಪ ಬಿಟ್ಟು ತಿರುವುತ್ತಿರಬೇಕು. ಬೇಯಿಸಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಏಳಕ್ಕೆ ಕರೆದರೆ ಎಂಟೂಮುಕ್ಕಾಲಿಗೆ ಬರುವ ಷಡ್ಡಕ ಆ ಸಂಸ್ಥೆಯ ಗಮನಕ್ಕೆ ಬಂದಂತಿಲ್ಲ. ಇಷ್ಟೆಲ್ಲ ಗಡಿಯಾರವನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಬೆವರುವವರು ರಾಯರ ಮನೆಯವರು. ರಾಯರೂ ಸುಮ್ಮನೆ ಕೂರುವುದಿಲ್ಲ ಎಂಬ ಸಮರ್ಥನೆ ಇದೆ, ಅದು ನಿಜ ಕೂಡ. ಕರಿಬೇವಿಗೊಮ್ಮೆ, ಕೊತ್ತಂಬರಿಗೊಮ್ಮೆ, ಕಾಗದದ ತಟ್ಟೆಗೊಮ್ಮೆ ಅಂಗಡಿಗೆ ಹೋಗುತ್ತಾರೆ. ಪ್ರತಿ ಸಲವೂ ದಾರಿಯಲ್ಲಿ ಸಿಕ್ಕ ಒಬ್ಬರನ್ನು “ಸುಮ್ಮನೆ ಬಂದು ಹೋಗಿ” ಎಂದು ಕರೆದು ಬರುತ್ತಾರೆ. ಹೊರಗಿನಿಂದ ತರಿಸೋಣವೇ ಎಂದು ಮಗ ಕೇಳಿದರೆ, “ಮನೆಯಲ್ಲಿ ಮಾಡಿದರೇನೇ ಸಿಂಪಲ್” ಎನ್ನುತ್ತಾರೆ.

ಪದಾರ್ಥ ಹೆಚ್ಚಿದ್ದರೇನು, ಒಂದೊಂದನ್ನೂ ಸ್ವಲ್ಪ ಸ್ವಲ್ಪ ಮಾಡಿದರಾಯಿತಲ್ಲ ಎಂಬ ಮಾತಿನಲ್ಲಿ ತರ್ಕವಿದೆ. ಒಂದು ಕಿಲೋ ಅಕ್ಕಿ ಸುಮಾರು ಹತ್ತು ಜನಕ್ಕೆ ಸಾಕು. 25 ಜನಕ್ಕೆ ಎರಡೂವರೆ ಕಿಲೋ. ಬಾತು, ಪುಳಿಯೋಗರೆ, ಮೊಸರನ್ನ ಮೂರೂ ಇದ್ದರೆ ಅದನ್ನೇ ಹಂಚಿಕೊಳ್ಳಬೇಕು. ರಾಯರ ಮನೆಯಲ್ಲಿ ಮೂರಕ್ಕೂ ಬೇರೆ ಬೇರೆ ಎರಡೂವರೆ ಕಿಲೋ. ಕಾರಣ ಸರಳ: ಪುಳಿಯೋಗರೆಯನ್ನು ಎಲ್ಲರೂ ತಿಂದು, ಯಾರಿಗಾಗಿ ಅದನ್ನು ಮಾಡಿದ್ದೋ ಆ ದೊಡ್ಡಮ್ಮನಿಗೆ ತಳ ಕಂಡರೆ? ಆ ಒಂದು ಕ್ಷಣದ ಭಯಕ್ಕೆ ಐದು ಕಿಲೋ ಅಕ್ಕಿ ಹೆಚ್ಚಿಗೆ ಬೇಯುತ್ತದೆ. ಉಳಿದದ್ದನ್ನು ಹೊರಡುವವರ ಕೈಗೆ ಕೊಟ್ಟು ಕಳಿಸುತ್ತಾರೆ, ಡಬ್ಬಿ ತುಂಬಿ, ಮುಚ್ಚಳ ಒತ್ತಿ. ಆ ಡಬ್ಬಿಗಳು ಅಂದು ರಾತ್ರಿ ಹುಡುಕಿದವಲ್ಲ. ಎರಡು ಡಜನ್, ಹಿಂದಿನ ವಾರವೇ ತಂದು ಅಟ್ಟದ ಮೇಲೆ ಇಟ್ಟಿದ್ದು. ಬಿಸಿಬೇಳೆಬಾತು, ಮೊಸರನ್ನ, ಒಂದು ಸಿಹಿ ಎಂದು ರಾಯರು ಇನ್ನೂ ಹೇಳುತ್ತಿದ್ದಾಗ.